‘ಅಡ್ಜಸ್ಟ್’ ಎಂಬ ಮಾತಿನ ಮರ್ಮ



ಒಂದು ನಾಡಿನ ಜನ ದಿನಕ್ಕೆ ನೂರು ಬಾರಿ ಆಡುವ ಮಾತು ಯಾವುದೆಂಬುದನ್ನು ಗಮನಿಸಿದರೆ ಆ ನಾಡಿನ ನಡೆವಳಿಯನ್ನು ಬಹುಮಟ್ಟಿಗೆ ಅರಿಯಬಹುದು. ಶಾಸ್ತ್ರಗ್ರಂಥಗಳಲ್ಲಿ ಬರುವ ದೊಡ್ಡ ಮಾತುಗಳಿಗಿಂತ ಸಂತೆಯಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಯೋಚಿಸದೆ ಬಾಯಿಂದ ಹೊರಡುವ ಸಣ್ಣ ಮಾತುಗಳು ಮನಸ್ಸಿನ ಒಳಗನ್ನು ಹೆಚ್ಚು ನಿಚ್ಚಳವಾಗಿ ತೋರಿಸುತ್ತವೆ. ಅಂಥ ಒಂದು ಮಾತನ್ನು ಈ ತಿಂಗಳು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇವೆ. ಅದು ಸಂಸ್ಕೃತದ್ದಲ್ಲ, ಕನ್ನಡದ್ದೂ ಅಲ್ಲ, ಇಂಗ್ಲಿಷಿನದು. ಆದರೆ ಇಂಗ್ಲಿಷಿನ ಒಂದಕ್ಷರವನ್ನೂ ಓದಲರಿಯದ ಮುದುಕಿಯೂ ಅದನ್ನು ತನ್ನ ತಾಯ್ನುಡಿಯ ಮಾತೆಂಬಂತೆ ಬಳಸುತ್ತಾಳೆ. ‘ಅಡ್ಜಸ್ಟ್’ ಎಂಬುದೇ ಆ ಮಾತು.

ಹಾರೋಹಳ್ಳಿಯ ಕಡೆಯ ಭಕ್ತರಿಗೆ ಇದನ್ನು ಪರಿಚಯಿಸಬೇಕಾದುದಿಲ್ಲ. ಸಂಜೆಯ ವೇಳೆ ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಬರುವ ಬಸ್ಸು ಕಗ್ಗಲೀಪುರ ದಾಟುವಷ್ಟರಲ್ಲಿ ಒಳಗೆ ಕಾಲಿಡಲು ಸ್ಥಳವಿರುವುದಿಲ್ಲ. ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ಮೂವರು ಕೂರುವ ಸೀಟಿನ ಬಳಿ ನಿಂತು ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎನ್ನುತ್ತಾಳೆ. ಕುಳಿತವರು ಒತ್ತರಿಸಿಕೊಂಡು ನಾಲ್ಕನೆಯವರಿಗೆ ಎಡೆಮಾಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ ಈ ಮಾತಿಗೆ ಇನ್ನಷ್ಟು ಕೆಲಸ ಬಂದಿದೆ.

ಆದರೆ ಈ ಮಾತು ಬಸ್ಸಿನಲ್ಲೇ ಉಳಿದಿಲ್ಲ. ರಸ್ತೆ ಬದಿಯ ಗ್ಯಾರೇಜಿನ ಹುಡುಗ ಮೋಟಾರು ಸೈಕಲ್ಲಿನ ಬ್ರೇಕನ್ನು ‘ಅಡ್ಜಸ್ಟ್’ ಮಾಡುತ್ತಾನೆ. ಗುಮಾಸ್ತ ಕೊಟ್ಟ ಮುಂಗಡವನ್ನು ಮುಂದಿನ ತಿಂಗಳ ಸಂಬಳದಲ್ಲಿ ‘ಅಡ್ಜಸ್ಟ್’ ಮಾಡುತ್ತಾನೆ. ಕೈಯಲ್ಲಿ ಹಣವಿಲ್ಲದ ಗೆಳೆಯ ಬಂದು ‘ಒಂದು ಐದು ಸಾವಿರ ಅಡ್ಜಸ್ಟ್ ಮಾಡು’ ಎಂದರೆ ಸಾಲ ಕೊಡು ಎಂದರ್ಥ. ತವರಿಗೆ ಬಂದು ಕಣ್ಣೀರಿಟ್ಟ ಮಗಳಿಗೆ ತಂದೆ ‘ಅಡ್ಜಸ್ಟ್ ಮಾಡಿಕೊಂಡು ಹೋಗಮ್ಮ’ ಎಂದರೆ ಸಹಿಸಿಕೋ ಎಂದರ್ಥ. ಮೇಜಿನ ಹಿಂದೆ ಕುಳಿತವನು ದನಿಯಿಳಿಸಿ ‘ಏನಾದರೂ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದರೆ ಲಂಚವೆಂದರ್ಥ. ಚುನಾವಣೆ ಸಮೀಪಿಸಿದಾಗ ಎದುರಾಳಿಗಳೆಂದು ಬಗೆದವರು ಒಳಗೊಳಗೆ ಒಂದಾದರೆ ಅದಕ್ಕೆ ಪತ್ರಿಕೆಗಳು ಇಡುವ ಹೆಸರು ‘ಅಡ್ಜಸ್ಟ್‌ಮೆಂಟ್ ರಾಜಕೀಯ’. ಔದಾರ್ಯಕ್ಕೂ ಅದೇ ಮಾತು, ಲೆಕ್ಕಕ್ಕೂ ಅದೇ ಮಾತು, ಸಂಕಟಕ್ಕೂ ಅದೇ ಮಾತು, ಅಪರಾಧಕ್ಕೂ ಅದೇ ಮಾತು. ಪುಣ್ಯಪಾಪಗಳೆರಡಕ್ಕೂ ಒಂದೇ ಹೆಸರಿಟ್ಟುಕೊಂಡ ಸಮಾಜಕ್ಕೆ ಅವೆರಡರ ನಡುವಣ ಭೇದ ಕಾಲಕ್ರಮದಲ್ಲಿ ಮರೆತುಹೋಗುವುದಿಲ್ಲವೇ? ಇದು ವಿಚಾರಣೀಯವಾದ ಪ್ರಶ್ನೆ.

ಭಾಷಾವಿಜ್ಞಾನಿಗಳು ಈ ಶಬ್ದದ ಚರಿತ್ರೆಯನ್ನು ಹೇಳುವ ಬಗೆ ಅರ್ಥಗರ್ಭಿತವಾಗಿದೆ. ಇದು ಇಂಗ್ಲಿಷಿಗೆ ಬಂದದ್ದು ಫ್ರೆಂಚ್ ಭಾಷೆಯಿಂದ. ಅದರ ಹಿಂದಿರುವುದು ಲ್ಯಾಟಿನ್ನಿನ ‘ಯುಕ್ಸ್ತಾ’ ಎಂಬ ಪದ. ‘ಯುಕ್ಸ್ತಾ’ ಎಂದರೆ ಹತ್ತಿರ, ಮಗ್ಗುಲಲ್ಲಿ. ಕೂಡಿಸು ಎಂಬರ್ಥದ ಯಾವ ಪ್ರಾಚೀನ ಧಾತುವಿನಿಂದ ನಮ್ಮ ‘ಯೋಗ’ ಶಬ್ದ ಹುಟ್ಟಿತೋ ಅದೇ ಧಾತುವಿನಿಂದ ಇದೂ ಹುಟ್ಟಿದೆ. ಆದುದರಿಂದ ‘ಅಡ್ಜಸ್ಟ್’ ಎಂಬುದರ ಮೊದಲ ಅರ್ಥ ಹತ್ತಿರಕ್ಕೆ ತರುವುದು ಎಂದೇ. ಆದರೆ ಕಾಲಾನಂತರದಲ್ಲಿ ಜನ ಇದನ್ನು ‘ಯುಸ್ತುಸ್’ ಎಂಬ ಮತ್ತೊಂದು ಲ್ಯಾಟಿನ್ ಪದದಿಂದ ಬಂದುದೆಂದು ಭಾವಿಸಿದರು. ‘ಯುಸ್ತುಸ್’ ಎಂದರೆ ನ್ಯಾಯವಾದದ್ದು; ‘ಜಸ್ಟಿಸ್’ ಎಂಬ ಮಾತಿಗೆ ಅದೇ ಮೂಲ. ಪಂಡಿತರು ಈ ಎರಡನೆಯ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಆದರೂ ಆ ತಿಳಿವಳಿಕೆಯ ಪ್ರಭಾವ ಶಬ್ದದ ರೂಪದ ಮೇಲೂ ಅರ್ಥದ ಮೇಲೂ ಬಿದ್ದಿತು. ಹೀಗೆ ಒಂದೇ ಮಾತಿನಲ್ಲಿ ಸಾಮೀಪ್ಯ, ನ್ಯಾಯ ಎರಡೂ ಸೇರಿಕೊಂಡವು.

ಇದಕ್ಕೆ ಹೋಲುವ ಒಂದು ಸೋಜಿಗ ನಮ್ಮ ಕನ್ನಡದಲ್ಲೇ ಇದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟನ್ನು ತೆರೆದರೆ ‘ಸರಿ’ ಎಂಬ ರೂಪದ ಎರಡು ಮಾತುಗಳು ಕಾಣುತ್ತವೆ. ಒಂದು ಕ್ರಿಯಾಪದ, ಜರುಗು, ಪಕ್ಕಕ್ಕೆ ಹೋಗು ಎಂದು ಅದರ ಅರ್ಥ. ಇನ್ನೊಂದು ಸಮ, ಯೋಗ್ಯ, ತಪ್ಪಿಲ್ಲದ್ದು ಎಂಬರ್ಥದ ಮಾತು. ‘ಸ್ವಲ್ಪ ಸರಿಯಿರಿ’ ಎಂಬಲ್ಲಿರುವುದು ಮೊದಲನೆಯದು. ‘ನೀವು ಮಾಡಿದ್ದು ಸರಿ’ ಎಂಬಲ್ಲಿರುವುದು ಎರಡನೆಯದು. ಕಿವಿಗೆ ಎರಡೂ ಒಂದೇ ಆಗಿ ಕೇಳಿಸುತ್ತವೆ. ವಿವೇಕಕ್ಕೆ ಮಾತ್ರ ಅವು ಬೇರೆ ಬೇರೆ. ನಾನು ಸರಿದದ್ದು ಸರಿಯೇ? ಇನ್ನೊಬ್ಬನನ್ನು ಸರಿಯೆಂದದ್ದು ಸರಿಯೇ? ‘ಅಡ್ಜಸ್ಟ್’ ಎಂಬ ಮಾತಿನ ಧರ್ಮಸೂಕ್ಷ್ಮವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ನಾವು ಈ ಮಾತಿನ ಸಾಮೀಪ್ಯವನ್ನು ಉಳಿಸಿಕೊಂಡು ಅದರ ನ್ಯಾಯವನ್ನು ಕೈಬಿಡುತ್ತಿದ್ದೇವೆಯೇ ಎಂಬುದೇ ನಮ್ಮ ಆತಂಕ.

ಹಾಗೆಂದು ಈ ಮಾತನ್ನು ನಾವು ನಿಂದಿಸುತ್ತಿಲ್ಲ. ಒಂದು ಗೇಣು ಜಾಗವನ್ನು ಅಪರಿಚಿತನಿಗೆ ಬಿಟ್ಟುಕೊಡುವ ಗುಣ ಸಾಮಾನ್ಯವಾದುದಲ್ಲ. ಆಸನಕ್ಕೆ ಹಣ ತೆತ್ತವನು ‘ಇದು ನನ್ನ ಹಕ್ಕು’ ಎಂದು ಕಾಲು ಚಾಚಿ ಕುಳಿತರೆ ಕಾನೂನು ಅವನನ್ನು ತಡೆಯಲಾರದು. ಆದರೂ ನಮ್ಮ ಜನ ಸರಿಯುತ್ತಾರೆ. ಮಳೆ ಕೈಕೊಟ್ಟ ವರ್ಷ ಗುತ್ತಿಗೆಯ ಹಣಕ್ಕೆ ಹೊಲದೊಡೆಯ ಗಡುವು ಮುಂದೂಡುತ್ತಾನೆ. ಮದುವೆಯ ಮನೆಯಲ್ಲಿ ನೆಂಟರು ಬಂದರೆ ಮನೆಯವರು ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾರೆ. ದನವನ್ನು ಕಳ್ಳರು ಹೊಡೆದುಕೊಂಡು ಹೋದಾಗ ಹಾಲಿಲ್ಲದೆ ಕರುಗಳು ಬಳಲಿಯಾವೆಂದು ಅವುಗಳನ್ನೂ ಕಳುಹಿಸಿಕೊಡಲು ಹೇಳಿದ ಬಸವಣ್ಣನವರ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ತನ್ನದನ್ನು ತಾನೇ ಬಿಟ್ಟುಕೊಡುವಾಗ ಮನುಷ್ಯ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅದು ನಿದರ್ಶನ. ಅಂಥ ಸರಿಯುವಿಕೆಗೆ ನಾವು ನಮಸ್ಕರಿಸೋಣ.

ಆದರೆ ಸರಿಯುವುದಕ್ಕೂ ಒಂದು ಎಲ್ಲೆಯುಂಟು. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತೊಯ್ಯುವ ನಮ್ಮ ರೈತರಿಗೆ ಈ ಎಲ್ಲೆ ಎಲ್ಲರಿಗಿಂತ ಚೆನ್ನಾಗಿ ತಿಳಿದಿದೆ. ಹುಳು ಜ್ವರ ಕಳೆದು ಬೆಳೆದಂತೆಲ್ಲ ಅದರ ಹಾಸನ್ನು ಅಗಲಿಸಿ ಬಿಡಿ ಮಾಡಬೇಕು. ಹಿಪ್ಪುನೇರಳೆ ಸೊಪ್ಪು ಸಾಕಷ್ಟಿದೆ, ಜಾಗ ಮಾತ್ರ ಕಡಿಮೆ, ಹುಳುಗಳೇ ‘ಅಡ್ಜಸ್ಟ್’ ಮಾಡಿಕೊಳ್ಳಲಿ ಎಂದು ಬಿಟ್ಟರೆ ರೋಗ ಹೊಕ್ಕು ಸಾಕಣೆಯೇ ಕೆಡುತ್ತದೆ. ಚಂದ್ರಿಕೆಯ ಮೇಲೆ ಹಣ್ಣುಹುಳುಗಳನ್ನು ಒತ್ತೊತ್ತಾಗಿ ಬಿಟ್ಟರೆ ಎರಡು ಹುಳುಗಳು ಸೇರಿ ಒಂದೇ ಗೂಡು ಕಟ್ಟುತ್ತವೆ. ಆ ಗೂಡಿನ ಎಳೆ ಸರಾಗವಾಗಿ ಬಿಚ್ಚುವುದಿಲ್ಲ, ಒಳ್ಳೆಯ ನೂಲಿಗೆ ಅದು ಒದಗುವುದಿಲ್ಲ. ಮೂಕಜೀವಿಗೂ ತನ್ನ ನೂಲನ್ನು ತಾನು ನೇಯಲು ತನ್ನದೆಂಬ ಒಂದಿಷ್ಟು ಎಡೆ ಬೇಕು. ಮನುಷ್ಯನಿಗೆ ಬೇಡವೇ?

ಈಗ ನೀವೇ ಯೋಚಿಸಿ ನೋಡಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ‘ಅಡ್ಜಸ್ಟ್ ಮಾಡು’ ಎಂಬ ಮಾತನ್ನು ಯಾರು ಆಡುತ್ತಾರೆ? ಯಾರಿಗೆ ಆಡುತ್ತಾರೆ? ಅತ್ತೆ ಸೊಸೆಗೆ ಆಡುವಷ್ಟು ಸಲೀಸಾಗಿ ಸೊಸೆ ಅತ್ತೆಗೆ ಆಡಬಲ್ಲಳೇ? ಮಾಲೀಕ ಕೂಲಿಯಾಳಿಗೆ ಆಡುವಂತೆ ಕೂಲಿಯಾಳು ಮಾಲೀಕನಿಗೆ ಆಡಬಲ್ಲನೇ? ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗ ಸಹೋದರಿಗೆ ಹೇಳುವ ಮಾತು ಯಾವುದು? ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಿದ್ದುಪಡಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಾಗಿದೆ. ಹಾರೋಹಳ್ಳಿಯ ಸುತ್ತ ಕೈಗಾರಿಕಾ ಪ್ರದೇಶ ಬೆಳೆದು ಭೂಮಿಗೆ ಹಿಂದೆಂದೂ ಕಾಣದ ಬೆಲೆ ಬಂದಿರುವ ಈ ದಿನಗಳಲ್ಲಿ ‘ತವರು ಬೇಕೋ, ಪಾಲು ಬೇಕೋ, ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡು ಸಹಿ ಹಾಕಮ್ಮ’ ಎಂಬ ಮಾತು ಎಷ್ಟು ಮನೆಗಳ ಪಡಸಾಲೆಯಲ್ಲಿ ಕೇಳಿಬಂದಿಲ್ಲ? ಅವಳು ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಹಾಕಿದರೆ ಅದಕ್ಕೆ ಔದಾರ್ಯವೆಂಬ ಹೆಸರು ಸಲ್ಲದು. ಇಲ್ಲವೆನ್ನಲು ಸಾಧ್ಯವಿದ್ದವನು ಹೌದೆಂದಾಗ ಮಾತ್ರ ಆ ಹೌದಿಗೆ ಬೆಲೆ. ಬಸ್ಸಿನಲ್ಲಿ ಕುಳಿತವನು ಸರಿಯದಿದ್ದರೂ ನಡೆಯುತ್ತಿತ್ತು. ಆದುದರಿಂದಲೇ ಅವನು ಸರಿದದ್ದು ಪುಣ್ಯ.

ಇಲ್ಲಿ ಪರಭಾಷೆಯ ಪದ ಮಾಡುವ ಒಂದು ಉಪಕಾರವನ್ನೂ ಒಂದು ಅಪಕಾರವನ್ನೂ ಗುರುತಿಸಬೇಕು. ‘ಸರಿಯಿರಿ’ ಎಂದರೆ ಕೊಂಚ ಒರಟಾಗಿ ಕೇಳಿಸೀತೆಂದು ಜನ ‘ಅಡ್ಜಸ್ಟ್ ಮಾಡಿ’ ಎನ್ನುತ್ತಾರೆ. ಅದು ಆ ಪದದ ವಿನಯ, ಅದು ಉಪಕಾರ. ಆದರೆ ಕನ್ನಡದ ಕ್ರಿಯಾಪದ ಯಾರು ಏನನ್ನು ಕಳೆದುಕೊಳ್ಳುತ್ತಾರೆಂಬುದನ್ನು ಮುಚ್ಚಿಡುವುದಿಲ್ಲ. ಸರಿ ಎಂದರೆ ಮೈ ಸರಿಯಬೇಕು, ಕೊಡು ಎಂದರೆ ಕೈ ಬರಿದಾಗಬೇಕು, ಸಹಿಸು ಎಂದರೆ ಜೀವ ನೋಯಬೇಕು. ‘ಅಡ್ಜಸ್ಟ್’ ಎಂಬ ಮಾತು ಇದೆಲ್ಲದರ ಮೇಲೆ ಒಂದು ಮೆತ್ತನೆಯ ಬಟ್ಟೆ ಹೊದಿಸುತ್ತದೆ. ಅದೇ ಅಪಕಾರ. ಆದುದರಿಂದ ನಿಮಗೆ ಒಂದು ಸುಲಭವಾದ ಪರೀಕ್ಷೆಯನ್ನು ಸೂಚಿಸುತ್ತೇವೆ. ‘ಅಡ್ಜಸ್ಟ್’ ಎನ್ನಬೇಕೆನಿಸಿದಾಗಲೆಲ್ಲ ಆ ಮಾತನ್ನು ತೆಗೆದು ಅಲ್ಲಿ ಅಚ್ಚಗನ್ನಡದ ಕ್ರಿಯಾಪದವನ್ನಿಟ್ಟು ನೋಡಿ. ಬಸ್ಸಿನಲ್ಲಿ ‘ಸರಿದು ಕೂರಿ, ಮಗುವಿದೆ’ ಎನ್ನಲು ಯಾವ ಸಂಕೋಚವೂ ಇಲ್ಲ. ಗೆಳೆಯನಿಗೆ ‘ಐದು ಸಾವಿರ ಸಾಲ ಕೊಡು’ ಎನ್ನಲು ತುಸು ನಾಚಿಕೆಯಾದೀತು, ಆದರೂ ಹೇಳಬಹುದು. ಮೈಮೇಲೆ ಬಾಸುಂಡೆ ಹೊತ್ತು ಬಂದ ಮಗಳಿಗೆ ‘ಹೋಗಿ ಇನ್ನೂ ಹೊಡೆತ ತಿನ್ನು’ ಎಂದು ಯಾವ ತಂದೆಯ ನಾಲಗೆ ಹೇಳೀತು? ಹೇಳಲಾಗದಿದ್ದರೆ, ‘ಅಡ್ಜಸ್ಟ್ ಮಾಡಿಕೊ’ ಎಂದಾಗ ನಾವು ಹೇಳಿದ್ದು ಅದನ್ನೇ ಅಲ್ಲವೇ?

ಇಂಥ ಸಂದರ್ಭಗಳಲ್ಲಿ ಕುಟುಂಬದ ಹಿರಿಯರು ಗುರುಗಳ ಬಳಿಗೂ ಬರುತ್ತಾರೆ. ‘ಬುದ್ಧಿ, ತಾವೊಂದು ಮಾತು ಹೇಳಿದರೆ ಹುಡುಗಿ ಕೇಳುತ್ತಾಳೆ’ ಎಂದು ಕೈಮುಗಿಯುತ್ತಾರೆ. ಸಂಸಾರ ಒಡೆಯಬಾರದೆಂಬ ಅವರ ಕಳವಳ ಸಹಜವಾದುದೇ. ಆದರೆ ಸರಿಯಬೇಕಾದವರ ಮಾತನ್ನು ಮೊದಲು ಕೇಳದೆ ‘ಸರಿ’ ಎನ್ನುವ ಅಧಿಕಾರ ಗುರುವಿಗೂ ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ ಕಾಯಿದೆಯೊಂದು 2005ರಲ್ಲಿ ಈ ದೇಶದಲ್ಲಿ ಬರಬೇಕಾಯಿತು. ಅದಕ್ಕೆ ಕಾರಣ ಕ್ರೂರಿಗಳಾದ ಕೆಲವರು ಮಾತ್ರವಲ್ಲ. ಸಜ್ಜನರಾದ ಅನೇಕರು ತಲೆತಲಾಂತರದಿಂದ ನೀಡಿದ ಮೆತ್ತನೆಯ ಬುದ್ಧಿವಾದವೂ ಹೌದು.

ಶರಣರ ಚರಿತ್ರೆಯನ್ನು ಈ ದೃಷ್ಟಿಯಿಂದ ಅವಲೋಕಿಸಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಕಾಯಕಜೀವಿ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ ಹೆಚ್ಚಿನದನ್ನು ಹಿಂದಿರುಗಿಸಿ ಬರಲು ಹೇಳಿದರೆಂಬುದು ಪ್ರಸಿದ್ಧವಾದ ಪ್ರಸಂಗ. ‘ಬಂದದ್ದು ಬಂದಿತು, ನಾಳೆಗಾಗುತ್ತದೆ, ಅಡ್ಜಸ್ಟ್ ಮಾಡೋಣ’ ಎನ್ನಬಹುದಿತ್ತು. ಬಡವರ ಮನೆ, ಬೆರಳೆಣಿಕೆಯ ಕಾಳು, ಯಾರೂ ದೂರುತ್ತಿರಲಿಲ್ಲ. ಅವರು ಹಾಗೆನ್ನಲಿಲ್ಲ. ಹರಳಯ್ಯ ಮಧುವರಸರು ಜಾತಿಯ ಗೋಡೆ ದಾಟಿ ಬೀಗರಾದಾಗ ಕಲ್ಯಾಣದ ಪ್ರತಿಷ್ಠಿತರು ಅದನ್ನು ಸಹಿಸಲಿಲ್ಲ. ಆ ಸಂಬಂಧ ತಪ್ಪೆಂದು ತಲೆಬಾಗಿ ಬದುಕಿಕೊಳ್ಳುವುದನ್ನು ಬಿಟ್ಟು ಅವರಿಬ್ಬರೂ ಘೋರಶಿಕ್ಷೆಗೆ ಮೈಯೊಡ್ಡಿದರು. ಬಸವಣ್ಣನವರು ಕಲ್ಯಾಣವನ್ನೇ ತೊರೆದರು. ತಮ್ಮ ಸುಖ, ತಮ್ಮ ಸ್ಥಾನ, ತಮ್ಮ ಪ್ರಾಣ ಇವುಗಳ ವಿಷಯದಲ್ಲಿ ಶರಣರು ಎಷ್ಟು ಬೇಕಾದರೂ ಸರಿಯುತ್ತಿದ್ದರು. ತತ್ತ್ವದ ವಿಷಯದಲ್ಲಿ ಎಳ್ಳಷ್ಟೂ ಸರಿಯುತ್ತಿರಲಿಲ್ಲ. ನಾವು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ. ಸೀಟಿಗಾಗಿ ಜಗಳವಾಡಿ ತತ್ತ್ವವನ್ನು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ.

ಗ್ಯಾರೇಜಿನ ಹುಡುಗ ಈ ವಿಷಯದಲ್ಲಿ ನಮಗಿಂತ ಜಾಣ. ಅವನು ತಿರುಪನ್ನು ಬಿಗಿ ಮಾಡುತ್ತಾನೆ, ಸಡಿಲಿಸುತ್ತಾನೆ. ಆದರೆ ಬಂಡಿ ನಿಲ್ಲಬೇಕಾದಲ್ಲಿ ನಿಲ್ಲಬೇಕೆಂಬ ನಿಯಮವನ್ನು ಮಾತ್ರ ಸಡಿಲಿಸುವುದಿಲ್ಲ. ಆ ನಿಯಮಕ್ಕಾಗಿಯೇ ಅವನ ಅಡ್ಜಸ್ಟ್ ಎಲ್ಲ. ಲಂಚದ ಅಡ್ಜಸ್ಟ್‌ನಲ್ಲಿ ಸಡಿಲವಾಗುವುದು ಆ ನಿಯಮವೇ. ಅಲ್ಲಿ ಕೊಡುವವನೂ ತೆಗೆದುಕೊಳ್ಳುವವನೂ ಹತ್ತಿರಕ್ಕೆ ಬರುತ್ತಾರೆ, ನಿಜ. ಆದರೆ ಸಾಲಿನಲ್ಲಿ ಮುಂಚೆ ನಿಂತಿದ್ದ, ಕೈಯಲ್ಲಿ ಕಾಸಿಲ್ಲದ ಮೂರನೆಯವನು ಹಿಂದಕ್ಕೆ ಸರಿಯುತ್ತಾನೆ. ಅವನನ್ನು ಯಾರೂ ಕೇಳಲೇ ಇಲ್ಲ.

ಕೇಳದೆಯೇ ಸರಿಸಲ್ಪಟ್ಟವರು ಎಂದಾಗ ನಮ್ಮ ಸೀಮೆಯ ಇನ್ನೊಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕಾಗಿದೆ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆಂಬುದು ಭಕ್ತರ ನಂಬಿಕೆ. ಬಸವನ ಹೆಸರನ್ನೇ ಹೊತ್ತ ಆ ಹೊಳೆಯ ನೀರನ್ನು ನೆಚ್ಚಿ 1940ರ ದಶಕದಲ್ಲಿ ಬೈರಮಂಗಲದ ಜಲಾಶಯವನ್ನು ಕಟ್ಟಲಾಯಿತು. ಕೆಳಗಿನ ರೈತರ ಹೊಲಗದ್ದೆಗಳಿಗೆ ನೀರುಣಿಸಬೇಕೆಂಬುದು ಉದ್ದೇಶ. ನಗರ ಬೆಳೆದಂತೆಲ್ಲ ಅದರ ಕೊಳಚೆಯೂ ಕಾರ್ಖಾನೆಗಳ ಹೊಲಸೂ ಅದೇ ಹೊಳೆಗೆ ಬಿದ್ದು ಜಲಾಶಯಕ್ಕೆ ಬಂದು ನಿಂತವು. ಹೊಳೆ ಮುಂದೆ ಸಾಗಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಬೈರಮಂಗಲದ ಸುತ್ತಣ ರೈತರು ಏನು ಮಾಡಿದರು? ಅಡ್ಜಸ್ಟ್ ಮಾಡಿಕೊಂಡರು. ಆ ನೀರಿಗೆ ತಾಳುವ ಮೇವಿನ ಹುಲ್ಲನ್ನೂ ಬೇಬಿಕಾರ್ನನ್ನೂ ಬೆಳೆಯತೊಡಗಿದರು. ಕುಡಿಯುವ ನೀರಿಗೆ ಬೇರೆ ದಾರಿ ಹುಡುಕಿದರು. ನೊರೆಯ ವಾಸನೆಗೆ ಮೂಗನ್ನು ಒಗ್ಗಿಸಿಕೊಂಡರು. ಇದನ್ನು ಕಂಡು ‘ನಮ್ಮ ಜನ ಎಂಥದಕ್ಕೂ ಹೊಂದಿಕೊಳ್ಳುತ್ತಾರೆ’ ಎಂದು ಯಾರಾದರೂ ಹೊಗಳಿದರೆ ಆ ಹೊಗಳಿಕೆಯನ್ನು ನಾವು ಒಪ್ಪಲಾರೆವು. ನಮ್ಮ ಪರೀಕ್ಷೆಯನ್ನೇ ಇಲ್ಲಿಯೂ ಪ್ರಯೋಗಿಸಿ ನೋಡಿ. ‘ನಮ್ಮ ಕೊಳೆ ನಿಮ್ಮ ಗದ್ದೆಗೆ ಹರಿಯಲಿ, ನೀವು ಸಹಿಸಿಕೊಳ್ಳಿ’ ಎಂದು ಬೆಂಗಳೂರಿನ ಯಾವ ಗೃಹಸ್ಥ ತಾನೇ ಬೈರಮಂಗಲದ ರೈತನ ಮುಖ ನೋಡಿ ಹೇಳಿಯಾನು? ಇಷ್ಟೊಂದು ಜನ ಬಾಯಿಬಿಟ್ಟು ಹೇಳಲಾಗದ್ದನ್ನು ಚರಂಡಿಯ ಮೂಲಕ ಹೇಳುತ್ತಿದ್ದಾರೆ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಹೆಸರಿನಲ್ಲಿ ಸಾಮೀಪ್ಯ ಬಂದಿತು. ನೀರಿನಲ್ಲಿ ನ್ಯಾಯ ಬರಬೇಕಾಗಿದೆ.

‘ಹೀಗೆ ಪ್ರತಿಯೊಂದನ್ನೂ ತಕ್ಕಡಿಯಲ್ಲಿಟ್ಟು ತೂಗಿದರೆ ಸಂಸಾರ ನಡೆದೀತೇ? ಎಲ್ಲರೂ ಹಕ್ಕಿನ ಮಾತನ್ನೇ ಆಡಿದರೆ ಪ್ರೀತಿಗೆ ಎಡೆಯೆಲ್ಲಿ?’ ಎಂದು ನೀವು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಅದಕ್ಕೆ ಉತ್ತರ ನಮ್ಮ ವ್ಯಾಕರಣದಲ್ಲೇ ಇದೆ. ‘ಮಾಡು’ ಎಂಬುದು ಇನ್ನೊಬ್ಬರಿಗೆ ಹೇಳುವ ಮಾತು. ‘ಮಾಡಿಕೊಳ್ಳುತ್ತೇನೆ’ ಎಂಬುದು ತನಗೆ ತಾನು ಹೇಳಿಕೊಳ್ಳುವ ಮಾತು. ತಕ್ಕಡಿ ಬೇಕಾದದ್ದು ಮೊದಲನೆಯದಕ್ಕೆ. ಎರಡನೆಯದಕ್ಕೆ ತಕ್ಕಡಿಯ ಅಗತ್ಯವಿಲ್ಲ. ಅಲ್ಲಿ ಎಷ್ಟು ಕೊಟ್ಟರೂ ಅದು ಕೊಟ್ಟವನ ಹಿರಿಮೆ. ಇನ್ನೊಬ್ಬರಿಂದ ಕೇಳುವಾಗ ನ್ಯಾಯವನ್ನು ನೋಡಿರಿ, ತಾನು ಕೊಡುವಾಗ ಪ್ರೀತಿಯನ್ನು ನೋಡಿರಿ. ಗಂಡ ‘ನಾನು ಅಡ್ಜಸ್ಟ್ ಮಾಡಿಕೊಳ್ಳುತ್ತೇನೆ’ ಎನ್ನುವ ಮನೆಯಲ್ಲಿ ಹೆಂಡತಿಗೂ ಆ ಮಾತು ಭಾರವಾಗುವುದಿಲ್ಲ. ಸರದಿ ಬದಲಾಗುತ್ತಿದ್ದರೆ ಹೊಂದಾಣಿಕೆ. ಒಬ್ಬರೇ ಸದಾ ಸರಿಯುತ್ತಿದ್ದರೆ ಅದು ದಬ್ಬಾಳಿಕೆ.

ಮಠಗಳ ಪ್ರಸಾದನಿಲಯಗಳಲ್ಲಿ ಓದಿ ಹೋದವರು ನಿಮ್ಮಲ್ಲಿ ಅನೇಕರಿದ್ದೀರಿ. ಇಂದು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ ಇನ್ನೊಬ್ಬರಿಗೆ ‘ಅಡ್ಜಸ್ಟ್ ಮಾಡಿ’ ಎನ್ನಬಲ್ಲ ಸ್ಥಾನದಲ್ಲಿ ಕುಳಿತಿದ್ದೀರಿ. ಮಧ್ಯಾಹ್ನದ ಪಂಕ್ತಿಯನ್ನು ನೆನಪಿಗೆ ತಂದುಕೊಳ್ಳಿ. ತಡವಾಗಿ ಬಂದವನೊಬ್ಬ ಬಾಗಿಲಲ್ಲಿ ನಿಂತರೆ ಕುಳಿತವರು ಮಂಡಿ ಒತ್ತರಿಸಿ ಅವನ ತಟ್ಟೆಗೆ ಎಡೆ ಮಾಡಿಕೊಡುತ್ತಿದ್ದಿರಿ. ಆಗ ಇಡೀ ಸಾಲು ಸರಿಯುತ್ತಿತ್ತು. ಒಬ್ಬನನ್ನೇ ಎಬ್ಬಿಸಿ ಹೊರಗೆ ಕಳುಹಿಸುತ್ತಿರಲಿಲ್ಲ. ಬಡಿಸುವವನು ಬಂದಾಗ ಮೊದಲು ಕುಳಿತವನಿಗೂ ಕೊನೆಗೆ ಬಂದವನಿಗೂ ಅದೇ ಮುದ್ದೆ, ಅದೇ ಸಾರು. ಹತ್ತಿರವಾಗುವುದು, ಸಮನಾಗುವುದು ಎರಡನ್ನೂ ಆ ಪಂಕ್ತಿ ನಿಮಗೆ ಕಲಿಸಿತ್ತು. ನಿಮ್ಮ ಮೇಜಿನ ಎದುರು ನಿಂತವನಿಗೆ, ನಿಮ್ಮ ಮನೆಗೆ ಬಂದ ಸೊಸೆಗೆ, ನಿಮ್ಮ ಚರಂಡಿಯ ಕೆಳಗಿರುವ ಊರಿಗೆ ಆ ಮಾತನ್ನು ಆಡುವ ಮುನ್ನ ಒಂದು ಕ್ಷಣ ನಿಂತು, ಸಾಲೆಲ್ಲ ಸರಿಯುತ್ತಿದೆಯೇ, ಇಲ್ಲ ಅವರೊಬ್ಬರೇ ಸರಿಯಬೇಕೇ ಎಂದು ನೋಡಿರಿ. ಅವರೊಬ್ಬರೇ ಆದರೆ, ಮೊದಲು ನೀವು ಸರಿಯಿರಿ.